ದಾನಮ್ಮನ ಮಣಿ ಆರದಿರಲಿ

ಹುಬ್ಬಳ್ಳಿ, ಮೇದಾರ ನೆರಳುಬೀದಿ
ಇಸವಿ ಎರಡು ಸಾವಿರದ ನೂರ ನಲವತ್ತಾರು, ಎರಡನೆಯ ಬೇಸಿಗೆಯ ಕಾರ್ತಿಕ

ಪ್ರತೀಕ್ಷಾ ಅಜ್ಜಿಯವರಿಗೆ ನಿಮ್ಮ ಮಗಳ ಮರಿಮಗಳು ನೀಲಮ್ಮ ಮಾಡುವ ಶರಣು.

ಮೇಲೆ ಬರೆದ ಇಸವಿಯನ್ನು ನೋಡಿ ಕೈತಪ್ಪು ಎಂದುಕೊಳ್ಳಬೇಡಿ, ಅದು ಸರಿಯಾಗಿಯೇ ಇದೆ. ನಾನು ಮನಸ್ಸಿನಲ್ಲಿ ಕಾಣುತ್ತಿರುವ ನಿಮಗೆ ಇನ್ನೂ ಇಪ್ಪತ್ತಾರು ವರ್ಷ. ನಿಶ್ಚಿತಾರ್ಥ ಮುಗಿದಿದೆ, ಮದುವೆ ಆಗಬೇಕಿದೆ. ಅಂಥವರನ್ನು ಅಜ್ಜಿ ಎನ್ನಲು ನನಗೇ ಸಂಕೋಚವಾಗುತ್ತದೆ. ಆದರೆ ಹಿರಿಯರನ್ನು ಬರೀ ಹೆಸರು ಹಿಡಿದು ಕರೆಯುವ ರೂಢಿ ನಮ್ಮ ಕಾಲಕ್ಕೂ ಬಂದಿಲ್ಲ. ನನ್ನ ಕನ್ನಡ ನಿಮ್ಮ ಕಿವಿಗೆ ಒರಟಾಗಿ ಕೇಳಬಹುದು. ನಿಮ್ಮಲ್ಲಿಲ್ಲದ ಮಾತುಗಳು ನಮ್ಮಲ್ಲಿ ಹುಟ್ಟಿವೆ, ನಿಮ್ಮ ಎಷ್ಟೋ ಮಾತುಗಳು ನಮ್ಮಲ್ಲಿ ಸತ್ತಿವೆ. ದಯಮಾಡಿ ಕ್ಷಮಿಸಿ, ಗೊತ್ತಾಗದ್ದನ್ನು ಹೋಗುತ್ತ ಹೋಗುತ್ತ ಬಿಡಿಸಿ ಹೇಳುತ್ತೇನೆ. ಹಿಂದಕ್ಕೆ ಹೋಗುವ ಅಂಚೆ ನಮ್ಮಲ್ಲೂ ಇಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಬದುಕಿರುವ ಯಾರಿಗೆ ಇದನ್ನು ಹೇಳಿದರೂ ನಾಳೆ ಅವರನ್ನು ಕಚೇರಿಗೆ ಎಳೆದೊಯ್ದು ಸಾಕ್ಷಿ ಕೇಳುತ್ತಾರೆ. ನಿಮ್ಮನ್ನು ಯಾರೂ ಎಳೆದೊಯ್ಯಲಾರರು.

ನಿಮ್ಮ ಹುಬ್ಬಳ್ಳಿಗೆ ಒಂದೇ ಬೇಸಿಗೆ ಇತ್ತಂತೆ. ನಮಗೆ ಎರಡಿವೆ, ಶಿವರಾತ್ರಿಯಿಂದ ಒಂದು, ದಸರೆ ಮುಗಿದ ಮೇಲೆ ಇನ್ನೊಂದು. ಹಗಲು ಹೊರಗೆ ಕಾಲಿಡಲು ಆಗುವುದಿಲ್ಲವಾದ್ದರಿಂದ ಬೀದಿಬೀದಿಯ ಮೇಲೂ ದಪ್ಪ ಬಟ್ಟೆಯ ಮಾಡು ಎಳೆದಿದ್ದೇವೆ. ಅಂಥ ಬೀದಿಗೆ ನೆರಳುಬೀದಿ ಎನ್ನುತ್ತೇವೆ. ಗಾಳಿಗೆ ಆ ಬಟ್ಟೆ ಹರಿಯುತ್ತಲೇ ಇರುತ್ತದೆ, ಹೊಲಿಯುವವರು ಕಂಬ ಹತ್ತಿ ಹೊಲಿಯುತ್ತಲೇ ಇರುತ್ತಾರೆ. ನನ್ನ ತಂಗಿ ದಾನಮ್ಮ ಹಾಗೆ ಹೊಲಿಯುವವಳು. ನಾನು ಕೆಳಗೆ ಕುಳಿತು ತೇಪೆ ಕತ್ತರಿಸಿ ಹಗ್ಗಕ್ಕೆ ಕಟ್ಟಿದರೆ ಅವಳು ಮೇಲಿನಿಂದ ಎಳೆದುಕೊಳ್ಳುತ್ತಿದ್ದಳು. ಅಲ್ಲಿಂದಲೇ ಇಡೀ ಬೀದಿಯ ಸುದ್ದಿ ಹೇಳುತ್ತಿದ್ದಳು: ಯಾರ ಮನೆಯಲ್ಲಿ ಒಗ್ಗರಣೆ ಸೀದಿದೆ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ. ಅವಳ ನಗು ಮಾಡಿನ ಬಟ್ಟೆಯ ಕೆಳಗೆ ಬೀದಿಯ ಆ ತುದಿಯವರೆಗೆ ಕೇಳುತ್ತಿತ್ತು.

ಈಗ ನಿಮಗೆ ಗೊತ್ತಿರುವ ಸಂಗತಿಗೆ ಬರುತ್ತೇನೆ. ನಮ್ಮ ಮನೆತನದ ಪ್ರತಿ ಮದುವೆಯಲ್ಲೂ ನಿಮ್ಮ ಕತೆ ಹೇಳುತ್ತಾರೆ. ರುದ್ರೇಶಜ್ಜ ಬ್ಯಾಡಗಿ ಮೆಣಸಿನಕಾಯಿ ಲಾರಿಯ ಜೊತೆ ನಾಗಪುರಕ್ಕೆ ಹೊರಟಾಗ ನೀವಿಬ್ಬರೂ ಮೊಬೈಲಿನಲ್ಲಿ ಒಬ್ಬರ ಜಾಗ ಒಬ್ಬರಿಗೆ ಕಾಣುವಂತೆ ಮಾಡಿಕೊಂಡಿರಂತೆ. ಹೆದ್ದಾರಿಯ ಮೇಲೆ ಅವರ ಚುಕ್ಕಿ ಓಡುವುದನ್ನು ನೀವು ಊಟ ಬಿಟ್ಟು ನೋಡಿದಿರಂತೆ. ಚುಕ್ಕಿ ನಿಂತಾಗ ಗಾಬರಿಯಾಗಿ ಫೋನು ಮಾಡಿದರೆ, ಲಾರಿ ಕೆಟ್ಟಿತ್ತಂತೆ, ಅಜ್ಜ ಬಜ್ಜಿ ತಿನ್ನುತ್ತಿದ್ದರಂತೆ. ಎಲ್ಲರೂ ನಗುತ್ತಾರೆ, ನಾನೂ ಎಷ್ಟೋ ಸಲ ನಕ್ಕಿದ್ದೇನೆ. ನಿಮ್ಮ ತಪ್ಪೇನೂ ಅದರಲ್ಲಿ ಕಾಣುವುದಿಲ್ಲ. ಪ್ರೀತಿಸುವವರು ಮಾಡಿಕೊಂಡದ್ದನ್ನು ಆಮೇಲಿನವರು ಬೀಗರ ನಡುವಿನ ಒಪ್ಪಂದ ಮಾಡಿದರು. ತೋರಿಸದವರ ಮೇಲೆ ಅನುಮಾನ ಹುಟ್ಟಿತು. ಅನುಮಾನದಿಂದ ಜಗಳ, ಜಗಳದಿಂದ ಕಾಯಿದೆ ಹುಟ್ಟಿತು. ಈಗ ತಾಳಿ ಕಟ್ಟಿದ ಮೇಲೆ ಗಂಡಿಗೂ ಹೆಣ್ಣಿಗೂ ಮಣಿಕಟ್ಟಿನ ಚರ್ಮದ ಕೆಳಗೆ ಸಾಸಿವೆಗಿಂತ ತುಸು ದೊಡ್ಡದಾದ ಮಣಿಯೊಂದನ್ನು ಇಡುತ್ತಾರೆ. ಅದಕ್ಕೆ ಇರವುಮಣಿ ಎಂದು ಹೆಸರು. ಇರವು ಎಂದರೆ ನಮ್ಮ ಮಾತಿನಲ್ಲಿ ಒಬ್ಬರು ಇರುವ ಜಾಗ. ಮಣಿಕಟ್ಟನ್ನು ಒತ್ತಿದರೆ ಅಂಗೈಯಲ್ಲಿ ಊರಿನ ಪಟ ಮೂಡುತ್ತದೆ, ಅದರಲ್ಲಿ ನಿಮ್ಮವರ ಚುಕ್ಕಿ ಕಾಣುತ್ತದೆ. ಏನಾದರೂ ಕೇಳಿದರೆ ಆ ಅಕ್ಷರಗಳು ಅವರ ಅಂಗೈಯಲ್ಲಿ ಮೂಡುತ್ತವೆ. ಇಬ್ಬರೂ ಒಪ್ಪದೆ ಮಣಿಯನ್ನು ತೆಗೆಸುವಂತಿಲ್ಲ. ಅದು ಮೈಬಿಸಿಯಿಂದ ಬದುಕುವ ವಸ್ತು. ತಣ್ಣಗಾದರೆ, ಅಂದರೆ ಆರಿದರೆ, ಅದನ್ನು ಹೊತ್ತವರು ಸತ್ತರೆಂದು ತಿಳಿದು ಇರವು ಕಚೇರಿಯವರು ಓಡಿ ಬರುತ್ತಾರೆ.

ಮಣಿಯಿಂದ ಕೆಡುಕೇ ಆಯಿತೆಂದು ಹೇಳಿದರೆ ನನ್ನ ನಾಲಿಗೆ ಸೀಳಬೇಕು. ನನ್ನ ಗಂಡ ಶಿವಪುತ್ರ ಕಾರವಾರದ ಕಡಲಗೋಡೆ ಕಟ್ಟುವ ಕೆಲಸದಲ್ಲಿದ್ದರು. ಗೋಡೆ ಕುಸಿದ ದಿನ ನನ್ನ ಅಂಗೈಯಲ್ಲಿ ಅವರ ಚುಕ್ಕಿ ಮಂಕಾಗುತ್ತ ಹೋದದ್ದನ್ನು ನಾನೇ ನೋಡಿದೆ. ಆ ಚುಕ್ಕಿ ಇದ್ದಲ್ಲಿಯೇ ಅಗೆದು ಅವರನ್ನು ಹೊರತೆಗೆದರು. ಇಲ್ಲದಿದ್ದರೆ ಮಣ್ಣು ಮಾಡಲು ಮೈಯೂ ಸಿಗುತ್ತಿರಲಿಲ್ಲ. ಆಮೇಲೆ ಕಚೇರಿಯ ವೈದ್ಯರು ನನ್ನ ಮಣಿಯನ್ನೂ ತೆಗೆದರು. ಸೂಜಿಯನ್ನು ಎಲ್ಲಿ ಚುಚ್ಚಿದರು, ಎಷ್ಟು ಸೀಳಿದರು ಎಂಬುದನ್ನು ಕಣ್ಣು ಮುಚ್ಚದೆ ನೋಡಿದೆ. ಅಂದಿನಿಂದ ನಾನೆಲ್ಲಿದ್ದೇನೆಂದು ಈ ಲೋಕದಲ್ಲಿ ಯಾರಿಗೂ ಕಾಣುವುದಿಲ್ಲ. ಮೊದಲ ವರ್ಷ ಅದು ಬರಿಗಾಲಲ್ಲಿ ನಡೆದಂತೆ ಅನ್ನಿಸುತ್ತಿತ್ತು.

ದಾನಮ್ಮನ ಗಂಡ ಚನ್ನವೀರನೂ ಅದೇ ಕಡಲಗೋಡೆಯ ಕೆಲಸದವನು. ಕುಡಿಯುವವನಲ್ಲ, ಕೈ ಮಾಡುವವನಲ್ಲ. ಆರು ತಿಂಗಳು ಕಾರವಾರ, ಆರು ತಿಂಗಳು ಮನೆ. ಮದುವೆಯಾದ ಹೊಸದರಲ್ಲಿ ದಾನಮ್ಮ ಕಂಬದ ಮೇಲಿಂದಲೇ ಅಂಗೈ ಚಾಚಿ ನನಗೆ ತೋರಿಸುತ್ತಿದ್ದಳು. “ನೋಡಕ್ಕಾ, ಈಗ ಊಟಕ್ಕ ಕುಂತಾರ. ಅಷ್ಟ ದೂರ ಇದ್ರೂ ಬಾಜೂಕ ಇದ್ದಂಗ ಅನಸ್ತೈತಿ.” ಅವನೂ ಹಾಗೆಯೇ ಮೊದಮೊದಲು ಮುದ್ದಿನ ಮಾತು ಕಳಿಸುತ್ತಿದ್ದ. ಶಿವಪುತ್ರ ಸತ್ತ ಮೇಲೆ ಅವನು ಬದಲಾದ. ಗೋಡೆ ಕುಸಿದಾಗ ಅವನೂ ಅಲ್ಲಿದ್ದ. ತನ್ನವರೆಲ್ಲ ಕೈಜಾರಿ ಹೋಗುತ್ತಾರೆಂಬ ಭಯ ಅವನಿಗೆ ಅಂಟಿಕೊಂಡಿತು. ‘ಎಲ್ಲಿದ್ದಿ’ ಎಂದು ಅವನು ಕೇಳಬೇಕಾಗಿರಲಿಲ್ಲ, ಅದು ಕಾಣುತ್ತಲೇ ಇತ್ತು. ‘ಯಾಕ ನಿಂತಿ’ ಎಂದು ಕೇಳತೊಡಗಿದ. ‘ಯಾಕ ಆ ಕಡೆಯಿಂದ ಬಂದಿ’ ಎಂದು ಕೇಳಿದ. ‘ಆ ಮನಿ ಮುಂದ ಇಷ್ಟೊತ್ತು ಏನಿತ್ತು’ ಎಂದ. ಕೇಳಿದ್ದಕ್ಕೆಲ್ಲ ದಾನಮ್ಮ ಉತ್ತರ ಕಳಿಸಿದಳು. ಹೂವಿನವಳು ಚಿಲ್ಲರೆ ಹುಡುಕುತ್ತಿದ್ದಳು. ಚಪ್ಪಲಿ ಕಿತ್ತಿತ್ತು. ನಾಯಿ ಅಡ್ಡ ಬಂತು. ಉತ್ತರ ಕೊಟ್ಟು ಕೊಟ್ಟು ಬೇಸತ್ತು, ಕೊನೆಗೆ ಪ್ರಶ್ನೆಯೇ ಹುಟ್ಟದಂತೆ ನಡೆಯಲು ಕಲಿತಳು. ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ, ಗೆರೆ ಎಳೆದಂತೆ. ದಾರಿಯಲ್ಲಿ ಗುರುತಿನವರು ಸಿಕ್ಕರೂ ನಿಲ್ಲದೆ ಹೋದಳು. ಜನ ಅವಳನ್ನು ಸೊಕ್ಕಿನವಳು ಎಂದರು.

ಹೋದ ಶ್ರಾವಣದಲ್ಲಿ ಒಂದು ಸಂಜೆ ಅವಳು ಆ ಗೆರೆ ಬಿಟ್ಟು ಉಣಕಲ್ ಕೆರೆಯ ಏರಿಗೆ ಹೋದಳು. ನೀರು ನೋಡುತ್ತ ಕತ್ತಲಾಗುವ ತನಕ ಕುಳಿತು ಬಂದಳು. ಮರುದಿನವೂ ಹೋದಳು. ಅಂಗೈಯಲ್ಲಿ ಪ್ರಶ್ನೆ ಮೂಡಿತು. ‘ಸುಮ್ನ ಬಂದೀನಿ’ ಎಂದು ಉತ್ತರಿಸಿದಳು. ಚನ್ನವೀರ ಕೆಲಸ ಬಿಟ್ಟು ಕಾರವಾರದಿಂದ ಬಂದುಬಿಟ್ಟ.

ಮನೆತನದ ಹಿರಿಯರನ್ನು ಕರೆಸಿ, ಅವಳು ಓಡಾಡಿದ ಜಾಡನ್ನೆಲ್ಲ ಪಡಸಾಲೆಯ ಗೋಡೆಯ ಮೇಲೆ ಮೂಡಿಸಿದ. ಎಲ್ಲರೂ ಗೋಡೆಯನ್ನು ನೋಡುತ್ತಿದ್ದರು. ದಾನಮ್ಮ ಬಾಗಿಲ ಬಳಿ ನೆಲ ನೋಡುತ್ತ ಕುಳಿತಿದ್ದಳು. ಗುರುಶಾಂತ ಕಾಕಾ ಒಳ್ಳೆಯ ಮನುಷ್ಯ, ಮೆತ್ತಗೆಯೇ ಕೇಳಿದರು.

“ಖರೇ ಹೇಳಿಬಿಡವಾ ದಾನಿ. ಯಾರಂವ?”

“ಯಾರೂ ಇಲ್ರಿ ಕಾಕಾ. ಸುಮ್ನ ಕುಂತಿದ್ದೆ.”

“ಸುಮ್ನ ಅಂದ್ರ?”

“ಸುಮ್ನ ಅಂದ್ರ ಸುಮ್ನರಿ. ನೀರು ನೋಡಕೋತ.”

“ನೀರು ಮನ್ಯಾಗಿಲ್ಲೇನು?” ಎಂದು ಯಾರೋ ಅಂದರು. ಒಂದಿಬ್ಬರು ನಕ್ಕರು. ಚನ್ನವೀರ ನಗಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು. “ನಾ ಸಿಟ್ಟಾಗಂಗಿಲ್ಲ ದಾನೀ,” ಎಂದ. “ಹೆಸರು ಹೇಳು, ಸಾಕು. ಹೇಳಿದ್ರ ನಂಗ ನಿದ್ದಿ ಬರ್ತೈತಿ.” ಅವಳು ತಲೆ ಎತ್ತಿ ಅವನನ್ನು ನೋಡಿದಳು. “ಇಲ್ಲದಾಂವಗ ಏನಂತ ಹೆಸರಿಡ್ಲಿ?” ಎಂದಳು. ಅಷ್ಟೇ. ಅಜ್ಜೀ, ಒಬ್ಬ ಗಂಡಸಿನ ಹೆಸರು ಹೇಳಿದ್ದರೆ ಅವಳನ್ನು ಬೈದು, ಬುದ್ಧಿ ಹೇಳಿ, ಕ್ಷಮಿಸಿ ಬಿಡುತ್ತಿದ್ದರು. ಒಬ್ಬಳೇ ಕುಳಿತಿದ್ದೆ ಎಂಬುದನ್ನು ಮಾತ್ರ ಅಲ್ಲಿದ್ದ ಯಾರಿಂದಲೂ ನಂಬಲಾಗಲಿಲ್ಲ. ಅವಳಿಗೆ ಗಡಿ ಹಾಕಿದರು. ಗಡಿ ಎಂದರೆ ಪಟದ ಮೇಲೆ ಎಳೆಯುವ ಸುತ್ತುಗೆರೆ, ಅದನ್ನು ದಾಟಿದರೆ ಮಣಿ ಕೂಗುತ್ತದೆ. ಅವಳ ಮನೆ, ನಮ್ಮ ನೆರಳುಬೀದಿ, ನನ್ನ ಮನೆ. ಇಷ್ಟೇ ಅವಳ ಪಾಲಿನ ಲೋಕವಾಯಿತು. ಚನ್ನವೀರ ತಿರುಗಿ ಕಾರವಾರಕ್ಕೆ ಹೋದ.

ಆಮೇಲೆ ದಾನಮ್ಮ ಮಾತು ಕಡಿಮೆ ಮಾಡಿದಳು. ಕಂಬದ ಮೇಲಿಂದ ನಗು ಬರಲಿಲ್ಲ. ಹೊಲಿಗೆ ಮಾತ್ರ ಅಚ್ಚುಕಟ್ಟಾಗಿಯೇ ಇತ್ತು. ಒಂದು ದಿನ ನನ್ನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು: “ಅಕ್ಕಾ, ನಾ ಈಗ ಎಲ್ಲಿ ಅದೀನಿ?” ತಮಾಷೆ ಎಂದುಕೊಂಡೆ. ಹೆಂಚಿನ ಮೇಲಿನ ರೊಟ್ಟಿ ಕಪ್ಪಾಗುತ್ತಿತ್ತು, ಅವಳು ಕಣ್ಣು ಮಿಟುಕಿಸದೆ ನನ್ನ ಉತ್ತರಕ್ಕೆ ಕಾದಿದ್ದಳು. “ನನ್ನ ಮನ್ಯಾಗ ಅದೀಯವಾ,” ಎಂದೆ. “ಹೌದಲ್ಲ,” ಎಂದು ಮತ್ತೆ ಹಿಟ್ಟು ತಟ್ಟಿದಳು. ಅದರ ಮುಂದಿನ ವಾರ ಸುಡುಬಿಸಿಲಲ್ಲಿ, ಕೆಲಸವಿಲ್ಲದ ಹೊತ್ತಿನಲ್ಲಿ, ಅವಳು ಮಾಡಿನ ತುದಿಯ ಕಂಬ ಹತ್ತಿ ಬಟ್ಟೆ ಇಲ್ಲದ ಕಡೆಗೆ ಮುಖ ಮಾಡಿ ನಿಂತಿದ್ದಳು. ಸೊಂಟದ ಹಗ್ಗ ಕಟ್ಟಿಕೊಂಡಿರಲಿಲ್ಲ. ನಾನು ಹೇಗೆ ಮೇಲೆ ಹತ್ತಿದೆನೋ ನನಗೇ ಗೊತ್ತಿಲ್ಲ. ಅವಳ ಸೆರಗು ಹಿಡಿದು ಎಳೆದಾಗ ಅವಳು ಬಿಡಿಸಿಕೊಳ್ಳಲೂ ಇಲ್ಲ, ಅಳಲೂ ಇಲ್ಲ. “ಇದೊಂದ ಜಾಗ ಐತಿ ಅಕ್ಕಾ ಯಾರೂ ಕೇಳಲಾರದ್ದು,” ಎಂದಳು.

ಇಬ್ಬರೂ ಕೆಳಗಿಳಿದೆವು. ಕದ ಹಾಕಿದೆ. ಸೂಜಿಯನ್ನು ಬೆಂಕಿಗೆ ಹಿಡಿದೆ. ವೈದ್ಯರು ನನಗೆ ಮಾಡಿದ್ದನ್ನೇ ಅವಳಿಗೆ ಮಾಡಿದೆ, ಆದರೆ ಅವರ ಬಳಿ ಮರಗಟ್ಟಿಸುವ ಮದ್ದಿತ್ತು, ನನ್ನ ಬಳಿ ಏನೂ ಇರಲಿಲ್ಲ. ಅವಳು ತಲೆದಿಂಬನ್ನು ಕಚ್ಚಿ ಹಿಡಿದಿದ್ದಳು. ಮಣಿ ಹೊರಬಂದ ಕೂಡಲೇ ಅದನ್ನು ನನ್ನ ಬಾಯಲ್ಲಿಟ್ಟುಕೊಂಡೆ, ಆರಬಾರದಲ್ಲ. ಅವಳ ರಕ್ತದ ರುಚಿ ಇನ್ನೂ ನನ್ನ ನಾಲಿಗೆಯ ಮೇಲಿದೆ. ಗಾಯ ಕಟ್ಟಿದ ಮೇಲೆ ಅವಳು ತಾಳಿ, ಕಾಲುಂಗುರ ತೆಗೆದು ನನ್ನ ಮುಂದಿಟ್ಟಳು. ಊರಿಂದ ಹೊರಗೆ ಹೋಗುವವರ ಮಣಿ ನೋಡಿ ಬಿಡುವ ಊರಬಾಗಿಲುಗಳಿವೆ ನಮ್ಮಲ್ಲಿ; ಮದುವೆಯಾಗದ ಹೆಣ್ಣಿಗೆ ಮಣಿ ಇರುವುದಿಲ್ಲವಾದ್ದರಿಂದ ಅಲ್ಲಿ ಯಾರೂ ತಡೆಯುವುದಿಲ್ಲ.

“ಎಲ್ಲಿಗೆ ಹೊಂಟಿ?” ಎಂದು ನಾನು ಬಾಯಿಬಿಟ್ಟು ಕೇಳಲಿಲ್ಲ, ಮಣಿ ಬಾಯಲ್ಲಿತ್ತು. ನನ್ನ ಕಣ್ಣು ಕೇಳಿರಬೇಕು.

“ಹೇಳಂಗಿಲ್ಲ ಅಕ್ಕಾ. ನಿಂಗ ಗೊತ್ತಿದ್ರ ನಿನ್ನ ಮುಖದಾಗ ಕಾಣ್ತೈತಿ,” ಎಂದಳು. ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಬಾಗಿಲು ದಾಟಿ ಎಡಕ್ಕೆ ತಿರುಗಿದಳು. ಅಷ್ಟು ಮಾತ್ರ ನನಗೆ ಗೊತ್ತು. ಎಡಕ್ಕೆ.

ಅಂದಿನಿಂದ ನಾನು ದಾನಮ್ಮನಾಗಿ ಬದುಕಿದೆ. ಮಣಿಯನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಕಟ್ಟಿಕೊಂಡು, ಅವಳು ಏಳುವ ಹೊತ್ತಿಗೆ ಎದ್ದು, ಅವಳು ನಡೆಯುವ ಗೆರೆಯಲ್ಲೇ ನಡೆದು, ಅವಳ ಮನೆಯಲ್ಲಿ ಮಲಗಿ, ಅವಳ ಕಂಬ ಹತ್ತಿದೆ. ಅಕ್ಕಪಕ್ಕದವರಿಗೆ ತಂಗಿಗೆ ಜ್ವರ, ಒಳಗೆ ಮಲಗಿದ್ದಾಳೆ ಎಂದೆ. ಮಣಿಯನ್ನು ಮುಷ್ಟಿಯಲ್ಲಿ ಹಿಡಿದರೆ ಚನ್ನವೀರನ ಪ್ರಶ್ನೆಗಳು ನನ್ನ ಅಂಗೈಯಲ್ಲಿ ಮೂಡುತ್ತಿದ್ದವು. ‘ಯಾಕ ನಿಂತಿ.’ ‘ನೀರು ಕುಡಿಯಾಕ.’ ‘ಇವತ್ತ ತಡಾ ಆತಲ್ಲ.’ ‘ಬಟ್ಟಿ ಬಾಳ ಹರಿದಿತ್ತು.’ ಅವಳಂತೆಯೇ ಉತ್ತರ ಕೊಟ್ಟೆ. ಒಂದು ದಿನ ಅವನು ಅವಳ ದನಿ ಕೇಳಬೇಕು ಎಂದರೆ ನಾನು ಮುಗಿದೆ ಎಂದು ಹೆದರಿ ಹೆದರಿ ಒಣಗಿಹೋದೆ. ಅಜ್ಜೀ, ಅವನು ಕೇಳಲೇ ಇಲ್ಲ. ಚುಕ್ಕಿ ಇದ್ದಲ್ಲಿ ಇತ್ತು, ಅವನಿಗೆ ಅಷ್ಟು ಸಾಕಾಗಿತ್ತು. ನನಗೆ ಅನುಕೂಲವಾದ ಆ ಸಂಗತಿಗಾಗಿ ಎಷ್ಟೋ ಸಂಜೆ ಅವಳ ಒಲೆಯ ಮುಂದೆ ಕುಳಿತು ಅತ್ತಿದ್ದೇನೆ.

ನಿನ್ನೆ ಅವನು ಹೇಳದೆ ಕೇಳದೆ ಬಂದ. ನಾನು ಕೆಲಸ ಮುಗಿಸಿ ನನ್ನ ಮನೆಯಲ್ಲಿ ನೀರು ಕಾಯಿಸುತ್ತಿದ್ದೆ. ಅಂಗೈ ನೋಡುತ್ತಲೇ ಒಳಗೆ ಬಂದವನು “ದಾನೀ,” ಎಂದ. ಮೂಲೆಮೂಲೆ ನೋಡಿದ, ಹಿತ್ತಲ ಕದ ತೆರೆದ, ನನ್ನ ಮುಂದೆ ಬಂದು ನಿಂತ.

“ಅಕ್ಕಾರ, ಆಕಿ ಇಲ್ಲೇ ಅದಾಳ. ಚುಕ್ಕಿ ಇಲ್ಲೇ ತೋರಸ್ತೈತಿ. ಎಲ್ಲಿ ಮುಚ್ಚಿಟ್ಟೀರಿ?”

ಸುಳ್ಳು ಹೇಳಲು ಏನೂ ಉಳಿದಿರಲಿಲ್ಲ. ಕಂಕುಳ ಗಂಟು ಬಿಚ್ಚಿ ಮಣಿಯನ್ನು ಅವನ ಅಂಗೈಯಲ್ಲಿಟ್ಟೆ. ಪಟದ ಮೇಲೆ ಅವಳ ಚುಕ್ಕಿ ಅವನ ಚುಕ್ಕಿಯಲ್ಲಿ ಕೂಡಿಹೋಯಿತು. ಅವನು ಅದನ್ನೇ ನೋಡಿದ. ಆಮೇಲೆ ಕೂಗಿಕೊಂಡ. ಕಾಯುತ್ತಿದ್ದ ನೀರಿನ ಪಾತ್ರೆಯನ್ನು ಒದ್ದ, ದಾನಮ್ಮನ ಹೊಲಿಗೆಯ ಪೆಟ್ಟಿಗೆಯನ್ನು ಗೋಡೆಗೆ ಬೀಸಿದ. “ಎಲ್ಲಿ ಅದಾಳ? ಎಲ್ಲಿ ಅದಾಳ ಹೇಳ್ರಿ!”

“ನಂಗ ಗೊತ್ತಿಲ್ಲ ಚನ್ನವೀರಪ್ಪ. ಖರೇನ ಗೊತ್ತಿಲ್ಲ.”

“ಕೆರೀ ಹತ್ರ ಯಾರಿದ್ರು?”

“ಯಾರೂ ಇರಲಿಲ್ಲ.”

ನನ್ನ ಮುಖ ನೋಡಿದ. ಏನು ಕಂಡಿತೋ, ಕುಸಿದು ಕುಳಿತ. ಕಚೇರಿಗೆ ಹೋಗುತ್ತಾನೆ, ಎಲ್ಲ ಮುಗಿಯಿತು ಎಂದುಕೊಂಡೆ. ಅವನು ಹೋಗಬೇಕಾಗಿಯೂ ಇರಲಿಲ್ಲ. ಆ ಮಣಿಯನ್ನು ನೆಲಕ್ಕೆ ಒಗೆದಿದ್ದರೆ ಸಾಕಿತ್ತು. ಅದು ಆರುತ್ತಿತ್ತು, ಕಚೇರಿಯವರು ಬರುತ್ತಿದ್ದರು, ಎಲ್ಲ ಊರಬಾಗಿಲೂ ಮುಚ್ಚುತ್ತಿದ್ದವು, ಗಾಯದ ಕೈಯ ಹೆಂಗಸನ್ನು ಹುಡುಕಿ ಹಿಡಿದು ತರುತ್ತಿದ್ದರು. ಹೊರಗಿನ ಗಾಳಿಗೆ ಮಣಿ ಆಗಲೇ ತಣಿಯುತ್ತಿತ್ತು, ಅಂಗೈಯ ಚುಕ್ಕಿ ಮಂಕಾಗತೊಡಗಿತ್ತು. ಅದನ್ನು ಕಂಡವನೇ ಗಬಕ್ಕನೆ ಮುಷ್ಟಿ ಬಿಗಿದ. ಮುಷ್ಟಿಯನ್ನು ಎದೆಗೆ ಒತ್ತಿಕೊಂಡ. ಅಂಗಿಯೊಳಗೆ ಹಾಕಿ ಕಂಕುಳಲ್ಲಿ ಹಿಡಿದು ಮೊಣಕಾಲಿಗೆ ತಲೆ ಕೊಟ್ಟು ಕುಳಿತ.

“ಹಿಡಕೊಂಡ್ ಬರೂದ್ ಬ್ಯಾಡ ಅಕ್ಕಾರ,” ಎಂದ. “ತಾನಾಗೇ ಬರಲಿ. ಆದ್ರ ಇದು ಆರಬಾರದು. ಆರೂದನ್ನ ನೋಡಾಕ ನನ್ನ ಕೈಲಿ ಆಗಂಗಿಲ್ಲ.”

ಅಂದಿನಿಂದ, ಅಂದರೆ ನಿನ್ನೆಯಿಂದ, ಅವನು ನನ್ನ ಪಡಸಾಲೆಯಲ್ಲೇ ಇದ್ದಾನೆ. ಇದು ಪ್ರೀತಿಯೋ, ಭಯವೋ, ಬರೀ ಅಭ್ಯಾಸವೋ ನನಗೆ ತಿಳಿಯುತ್ತಿಲ್ಲ. ಇದ್ದಕ್ಕಿದ್ದಂತೆ ಎದ್ದು “ಕಚೇರಿಗೆ ಹೋಕ್ಕೀನಿ” ಎನ್ನುತ್ತಾನೆ, ಹೊಸ್ತಿಲಲ್ಲಿ ನಿಲ್ಲುತ್ತಾನೆ, ತಿರುಗಿ ಬಂದು ಕುಳಿತುಕೊಳ್ಳುತ್ತಾನೆ. ಅವನು ಕುಳಿತಷ್ಟು ಹೊತ್ತು ದಾನಮ್ಮ ಇನ್ನಷ್ಟು ದೂರ ಹೋಗುತ್ತಾಳೆ. ಅದಕ್ಕೇ ಅವನಿಗೆ ಅಂಬಲಿ ಕಾಯಿಸಿ ಕೊಡುತ್ತಿದ್ದೇನೆ. ನನ್ನ ತಂಗಿಯನ್ನು ಕಂಬದ ತುದಿಗೆ ಅಟ್ಟಿದವನಿಗೆ ನನ್ನ ಕೈಯಾರೆ ಅಂಬಲಿ. ಎರಡು ಗುಟುಕು ಕುಡಿದು ಕೆಳಗಿಡುತ್ತಾನೆ. ನಿದ್ದೆ ತಡೆಯಲಾರದೆ ವಾಲಿದಾಗ ಮಣಿಯನ್ನು ನಾನು ಇಸಿದುಕೊಳ್ಳುತ್ತೇನೆ, ಎಚ್ಚರವಾದ ಕೂಡಲೇ ಅವನು ಕೈ ಚಾಚುತ್ತಾನೆ.

ಅವಳ ಗಾಯ ಮಾಯಿತೋ, ಕೀವಾಯಿತೋ. ಅವಳಿಗೆ ಯಾರಾದರೂ ನೀರು ಕೊಟ್ಟರೋ. ಬದುಕಿದ್ದಾಳೋ ಎಂಬುದನ್ನು ತಿಳಿಯುವ ದಾರಿಯೊಂದಿತ್ತು, ಅದನ್ನು ನನ್ನ ಕೈಯಾರೆ ಕೊಯ್ದು ತೆಗೆದಿದ್ದೇನೆ. ಈ ಮಣಿಯಲ್ಲಿ ಈಗ ಇರುವುದು ನಮ್ಮಿಬ್ಬರ ಮೈಬಿಸಿ ಮಾತ್ರ.

ನಿಮ್ಮಲ್ಲಿ ಒಂದು ಬೇಡಿಕೆ ಇದೆ. ರುದ್ರೇಶಜ್ಜನ ಚುಕ್ಕಿಯನ್ನು ನೋಡಬೇಡಿ ಎನ್ನಲು ನಾನ್ಯಾರು? ನೋಡಿ, ನಗಿ. ಆದರೆ ಮದುವೆಯಾದ ಮೇಲೆ ಎಂದಾದರೊಂದು ದಿನ, ಕಾರಣವಿಲ್ಲದೆ, ಎಲ್ಲಾದರೂ ಹೋಗಿ ಒಬ್ಬರೇ ಕುಳಿತು ಬನ್ನಿ. ಯಾಕೆಂದು ಅವರು ಕೇಳಿದರೆ ‘ಸುಮ್ಮನೆ’ ಎನ್ನಿ. ಅವರೂ ಹೋಗಲಿ, ಸುಮ್ಮನೆ ಎನ್ನಲಿ, ನೀವು ನಂಬಿ. ನಿಮ್ಮ ಮಗಳಿಗೆ ಆ ಮಾತಿನ ಅರ್ಥ ಕಲಿಸಿ. ಅವಳು ತನ್ನ ಮಗಳಿಗೆ ಕಲಿಸಲಿ. ಆ ಒಂದು ಮಾತು ನಮ್ಮ ಪಡಸಾಲೆಯವರೆಗೆ ಜೀವ ಹಿಡಿದು ಬಂದಿದ್ದರೆ ಆ ದಿನ ಗುರುಶಾಂತ ಕಾಕಾ ತಲೆದೂಗಿ, ಚಹಾ ಕುಡಿದು ಎದ್ದು ಹೋಗುತ್ತಿದ್ದರು.

ಇನ್ನೂ ಬರೆಯುವುದಿತ್ತು. ಅವನು ತೂಕಡಿಸುತ್ತಿದ್ದಾನೆ, ಬೆರಳುಗಳು ಒಂದೊಂದಾಗಿ ಬಿಚ್ಚುತ್ತಿವೆ. ಹೋಗಿ ಹಿಡಿಯಬೇಕು ಅಜ್ಜೀ.